ಉದ್ದ ಓಟ ಆದಾಗೆಲ್ಲ ನೆಗಡಿ, ಸುಸ್ತು. ಇಮ್ಯುನಿಟಿ ಪುಡಿ ತಗೊಳ್ಳಲಾ?

ಅಪ್ಪನಕೆರೆ ರನ್ನರ್, ಕಲಬುರಗಿ:

ಎಲ್ಲರಿಗೂ ನಮಸ್ಕಾರ ರೀ. ಜನವರಿಯ ಮುಂಬೈ ಮ್ಯಾರಥಾನ್‌ಗೆ ತಯಾರಿ ನಡೆಸಿದ್ದೇನೆ, ಇದೇ ನನ್ನ ಮೊದಲ ಫುಲ್ (42 ಕಿ.ಮೀ.). ವಯಸ್ಸು 29, ತೂಕ 58 ಕೆ.ಜಿ. ವಾರದ ದಿನ ಅಪ್ಪನ ಕೆರೆ ಸುತ್ತ, ಭಾನುವಾರ ಸೇಡಂ ರಸ್ತೆ ಹಿಡಿದು ಉದ್ದ ಓಟ. 20 ಕಿ.ಮೀ. ಇರುವ ತನಕ ಏನೂ ತಕರಾರು ಇರಲಿಲ್ಲ. 25 ದಾಟಿದ ಮೇಲೆ ಶುರುವಾಯಿತು ನೋಡಿ. ಭಾನುವಾರ ಓಡಿದರೆ ಬುಧವಾರದೊಳಗೆ ಗಂಟಲು ಕೆರೆತ, ಮೂಗು ಸೋರುವುದು. ಅಂಗಡಿ ಮೆಟ್ಟಿಲು ಹತ್ತಿದರೂ ತೊಡೆ ಭಾರ. ಆರಾಮಾಗಿ ಓಡಿದರೂ ವಾಚ್‌ನಲ್ಲಿ ನಾಡಿಬಡಿತ ಮೊದಲಿಗಿಂತ ಜಾಸ್ತಿ ತೋರಿಸುತ್ತದೆ.

ಊಟ ಪೂರ್ತಿ ಸಸ್ಯಾಹಾರ. ಬೆಳಿಗ್ಗೆ ಒಂದು ಕಪ್ ಚಹಾ ಕುಡಿದು ಖಾಲಿ ಹೊಟ್ಟೆಯಲ್ಲೇ ಹೊರಡುತ್ತೇನೆ, ಬಂದ ಮೇಲೆ ಮತ್ತೆ ಚಹಾ. ಓಡಿದ ಮೇಲೆ ಹಸಿವೇ ಆಗುವುದಿಲ್ಲ, ಹಾಗಾಗಿ ಸೀದಾ ಮಧ್ಯಾಹ್ನದ ಊಟ. ಎರಡು ಜೋಳದ ರೊಟ್ಟಿ, ಪಲ್ಯ, ಬ್ಯಾಳಿ ಸಾರು. ರಾತ್ರಿಗೂ ಅಷ್ಟೇ, ಜೊತೆಗೆ ಸ್ವಲ್ಪ ಅನ್ನ. ತೂಕ 3 ಕೆ.ಜಿ. ಇಳಿದಿದೆ, ವೇಗಕ್ಕೆ ಒಳ್ಳೆಯದೇ ಅಲ್ವಾ? ಅಂಗಡಿ ಮುಚ್ಚಿ ಮಲಗುವಾಗ 11:30 ಆಗುತ್ತದೆ, 4:30ಕ್ಕೆ ಅಲಾರಂ.

ಮೆಡಿಕಲ್ ಶಾಪಿನವರು 900 ರೂಪಾಯಿಯ ಇಮ್ಯುನಿಟಿ ಪುಡಿ ಕೈಗಿಟ್ಟರು. ಗೆಳೆಯ ವಿಟಮಿನ್ ಸಿ 1000 ಮಿ.ಗ್ರಾಂ. ಮಾತ್ರೆ ದಿನಾ ತಗೋ ಅಂತಾನೆ. ಯಾವುದು ತಗೊಳ್ಳಲಿ?

ಕೋಟೆ ಸುತ್ತಿನವ, ಬೀದರ್:

ಎರಡೂ ಬೇಡ ತಮ್ಮಾ. ಆ ದುಡ್ಡಿಗೆ ಶೇಂಗಾ, ಬೆಲ್ಲ, ಬಾಳೆಹಣ್ಣು ತಗೋ. ಚಹಾ ಕುಡಿದು 28 ಕಿ.ಮೀ. ಓಡಿದರೆ ಮೈ ಏನು ಮಾಡಬೇಕು ಪಾಪ.

ಡಯಟ್ ಅಕ್ಕ, ಕಲಬುರಗಿ:

ಬೀದರ್ ಅಣ್ಣ ಚುಟುಕಾಗಿ ಹೇಳಿದ್ದನ್ನೇ ನಾನು ಸ್ವಲ್ಪ ಲೆಕ್ಕ ಹಾಕಿ ಹೇಳುತ್ತೇನೆ.

ಓಟದಲ್ಲಿ ಪ್ರತಿ ಕಿ.ಮೀ.ಗೆ, ನಿಮ್ಮ ಒಂದೊಂದು ಕೆ.ಜಿ. ತೂಕಕ್ಕೆ ಹೆಚ್ಚು ಕಡಿಮೆ 1 ಕ್ಯಾಲರಿ ಖರ್ಚಾಗುತ್ತದೆ. 58 ಕೆ.ಜಿ.ಯವರು 28 ಕಿ.ಮೀ. ಓಡಿದರೆ 1600ರ ಆಸುಪಾಸು. ಅದು ಬರೀ ಓಟದ ಖರ್ಚು, ದಿನವಿಡೀ ಅಂಗಡಿಯಲ್ಲಿ ನಿಲ್ಲುವುದು ಬೇರೆ. ದೊಡ್ಡ ರೊಟ್ಟಿ ಒಂದಕ್ಕೆ 60 ಗ್ರಾಂ ಹಿಟ್ಟು ಹಿಡಿದರೂ 40 ಗ್ರಾಂ ಕಾರ್ಬ್ (ಪಿಷ್ಟ, ಸಕ್ಕರೆ) ಸಿಗುತ್ತದೆ. ನಾಲ್ಕು ರೊಟ್ಟಿಗೆ 160. ನಿಮ್ಮಂತೆ ದಿನಾ ಗಂಟೆಗಟ್ಟಲೆ ಓಡುವವರಿಗೆ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 6ರಿಂದ 10 ಗ್ರಾಂ ಕಾರ್ಬ್ ಬೇಕು ಅಂತ ಕ್ರೀಡಾ ಪೋಷಣೆಯವರ ಲೆಕ್ಕ. ಕಡಿಮೆ ಅಂದರೂ 350 ಗ್ರಾಂ ಆಯಿತು. ಅನ್ನ ಸೇರಿಸಿದರೂ ನೀವು ಅದರ ಹತ್ತಿರ ಹೋಗುವುದಿಲ್ಲ. ತೂಕ ಇಳಿದದ್ದಕ್ಕೆ ಖುಷಿಪಡಬೇಡಿ, ಅದರಲ್ಲಿ ಸ್ನಾಯುವೂ ಹೋಗಿರಬಹುದು.

ಮೊದಲು ಉದ್ದ ಓಟದ ದಿನ ಸರಿ ಮಾಡಿ. ಹೊರಡುವ ಮುಂಚೆ ಬಾಳೆಹಣ್ಣು ಅಥವಾ ಬೆಲ್ಲ ಹಚ್ಚಿದ ಚಪಾತಿ. ಓಡುವಾಗ ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್. ಒಂದು ಬಾಳೆಹಣ್ಣಿನಲ್ಲಿ 25 ಗ್ರಾಂ, ನಾಲ್ಕೈದು ಖರ್ಜೂರ ಅಂದರೂ ಹತ್ತಿರ ಹತ್ತಿರ ಅಷ್ಟೇ. ಶೇಂಗಾ ಚಿಕ್ಕಿ ಓಡುವಾಗ ಬೇಡ, ಕೊಬ್ಬು ಹೊಟ್ಟೆಯಲ್ಲಿ ಕೂತುಬಿಡುತ್ತದೆ, ಮನೆಗೆ ಬಂದು ತಿನ್ನಿ. ಇನ್ನು ಓಆರ್‌ಎಸ್ ನಂಬಿ ಓಡುವವರಿಗೆ ಒಂದು ಮಾತು. ಒಂದು ಲೀಟರ್‌ನಲ್ಲಿ ಗ್ಲೂಕೋಸ್ ಬರೀ 13.5 ಗ್ರಾಂ. ಅದು ನೀರು, ಉಪ್ಪಿನ ಕೊರತೆಗೆ, ಶಕ್ತಿಗಲ್ಲ.

ಓಡಿದ ಮೇಲೆ ಹಸಿವು ಆಗದಿರುವುದು ಸಹಜ, ಅದಕ್ಕೇ ಕುಡಿಯುವ ರೂಪದಲ್ಲಿ ಒಳಗೆ ಹಾಕಿ. ಬೆಲ್ಲ ಹಾಕಿದ ಹಾಲು, ಇಲ್ಲವೇ ಸಕ್ಕರೆ ಹಾಕಿದ ಲಸ್ಸಿ. ಒಂದು ತಾಸಿನೊಳಗೆ ಸರಿಯಾಗಿ ತಿಂಡಿ, ಸೂಸಲಾ ಆದರೂ ಸರಿ, ಜೊತೆಗೆ ಮೊಸರು. ಪ್ರೋಟೀನ್ ಕೆ.ಜಿ.ಗೆ 1.2 ಗ್ರಾಂ ಅಂದರೂ ದಿನಕ್ಕೆ 70 ಗ್ರಾಂ ಬೇಕು. ತೆಳು ಸಾರಿನಲ್ಲಿ ಬ್ಯಾಳಿ ಎಷ್ಟಿರುತ್ತದೆ ಹೇಳಿ? ಗಟ್ಟಿ ಬ್ಯಾಳಿ, ಝುಣಕ, ಮಡಿಕೆ ಕಾಳು ಪಲ್ಯ, ರೊಟ್ಟಿಗೆ ಶೇಂಗಾ ಹಿಂಡಿ ಧಾರಾಳವಾಗಿ. 2019ರಲ್ಲಿ ಜಿಐ ಟ್ಯಾಗ್ (ಊರಿನ ವಿಶೇಷ ಬೆಳೆ ಅನ್ನುವ ಸರ್ಕಾರಿ ಗುರುತು) ಪಡೆದ ತೊಗರಿ ನಮ್ಮದು, ನಾವೇ ಡಬ್ಬಿ ಪುಡಿ ಹುಡುಕುತ್ತೇವೆ!

ಇನ್ನೊಂದು ಮುಖ್ಯ ವಿಷಯ, ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಒಂದೇ ಸಾಲದು. ಫೆರಿಟಿನ್ (ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುತ್ತದೆ), ಬಿ12, ವಿಟಮಿನ್ ಡಿ, ಥೈರಾಯ್ಡ್ ನೋಡಿಸಿ. ಹಿಮೋಗ್ಲೋಬಿನ್ ಸರಿ ಇದ್ದೂ ಕಬ್ಬಿಣದ ದಾಸ್ತಾನು ಖಾಲಿ ಇರುವ ಓಟಗಾರರು ಬೇಕಾದಷ್ಟು ಜನ. ಶೀತ, ಜ್ವರ ಇರುವಾಗ ಮಾತ್ರ ಫೆರಿಟಿನ್ ಮಾಡಿಸಬೇಡಿ, ಆಗ ಸುಳ್ಳೇ ಜಾಸ್ತಿ ತೋರಿಸುತ್ತದೆ. ಊಟದ ಜೊತೆ, ಊಟ ಆದ ಕೂಡಲೇ ಚಹಾ ಬಿಡಿ. ಕಬ್ಬಿಣ ಮೈಗೆ ಹತ್ತುವುದನ್ನು ಅದು ತಡೆಯುತ್ತದೆ. ಪುಂಡಿ ಪಲ್ಯಕ್ಕೋ ಬ್ಯಾಳಿಗೋ ನಿಂಬೆ ಹಿಂಡಿದರೆ ಉಲ್ಟಾ, ಚೆನ್ನಾಗಿ ಹತ್ತುತ್ತದೆ.

ಯಾದಗಿರಿ ಸೈಕ್ಲಿಸ್ಟ್:

ಅಕ್ಕ ಹೇಳಿದ್ದು ಸರಿ. ಆದರೆ ಉದ್ದ ಓಡಿದರೆ ರೋಗನಿರೋಧಕ ಶಕ್ತಿ ಬಿದ್ದೇ ಹೋಗುತ್ತದೆ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆಯಲ್ಲ, ಅದರಲ್ಲಿ ತಕರಾರಿದೆ. 1987ರ ಲಾಸ್ ಏಂಜಲೀಸ್ ಮ್ಯಾರಥಾನ್ ಓಡಿದವರನ್ನು ಸಂಶೋಧಕ ಡೇವಿಡ್ ನೀಮನ್ ತಂಡ ವಿಚಾರಿಸಿತ್ತು. ಓಟದ ನಂತರದ ವಾರದಲ್ಲಿ 12.9% ಜನ ಕಾಯಿಲೆ ಬಿದ್ದೆವು ಅಂದರು. ತಯಾರಿ ಮಾಡಿ ಓಡದೇ ಉಳಿದವರಲ್ಲಿ 2.2% ಮಾತ್ರ. ಆದರೆ ಅದು ಅವರವರೇ ಹೇಳಿದ್ದು, ಯಾರ ಮೂಗಿಂದಲೂ ಸ್ಯಾಂಪಲ್ ತೆಗೆದು ವೈರಸ್ ಹುಡುಕಿರಲಿಲ್ಲ. 2018ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಕ್ಯಾಂಪ್‌ಬೆಲ್ ಮತ್ತು ಟರ್ನರ್ ಇದೇ ತಕರಾರು ಎತ್ತಿದರು. ಓಟದ ನಂತರ ರಕ್ತದಲ್ಲಿ ಬಿಳಿ ಕಣ ಕಡಿಮೆ ಕಾಣುವುದು ಅವು ಸತ್ತು ಹೋಗಿ ಅಲ್ಲ, ಬೇರೆ ಅಂಗಾಂಶಗಳಿಗೆ ಹೋಗಿರುತ್ತವೆ ಅಂತ ಅವರ ವಾದ. ಜನಸಂದಣಿ, ಪ್ರಯಾಣ, ನಿದ್ದೆಗೇಡುಗಳನ್ನು ಲೆಕ್ಕಕ್ಕೆ ಹಿಡಿಯಿರಿ ಅಂತಾರೆ.

ಅದಕ್ಕೇ ನನ್ನ ಕಣ್ಣು ಮೊದಲು ಬಿದ್ದದ್ದು ನಿಮ್ಮ 11:30 ಮತ್ತು 4:30ರ ಮೇಲೆ. ಐದೇ ತಾಸು! ಅಮೆರಿಕದಲ್ಲಿ 164 ಜನರ ಮೂಗಿಗೆ ನೆಗಡಿ ವೈರಸ್ ಬಿಟ್ಟು ನೋಡಿದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಆರು ತಾಸಿಗಿಂತ ಕಡಿಮೆ ಮಲಗುವವರಿಗೆ ನೆಗಡಿ ಹತ್ತುವ ಸಂಭವ, ಏಳು ತಾಸಿಗಿಂತ ಜಾಸ್ತಿ ಮಲಗುವವರಿಗಿಂತ ನಾಲ್ಕು ಪಟ್ಟು. ಯಾವ ಪುಡಿಯೂ ಇದನ್ನು ಸರಿದೂಗಿಸುವುದಿಲ್ಲ. ಈಗ ಚಳಿ ಇದೆಯಲ್ಲ, 4:30ಕ್ಕೇ ಏಳುವ ಗರಜು ಏನಿದೆ? ಅದು ಏಪ್ರಿಲ್ ಬಿಸಿಲಿಗೆ ಇಟ್ಟುಕೊಳ್ಳಿ. ಮತ್ತೆ ಇದು ತೊಗರಿ ರಾಶಿ ಕಾಲ, ಸೇಡಂ ರಸ್ತೆಯ ಲಾರಿ ಧೂಳು ಬೇರೆ. ಮೂರು ತಾಸು ಬಾಯಿಂದ ಉಸಿರೆಳೆದರೆ ಯಾರಿಗಾದರೂ ಗಂಟಲು ಕೆರೆಯುತ್ತದೆ. ಕೆಲವು ಸಲ ಅದು ನೆಗಡಿಯೇ ಆಗಿರುವುದಿಲ್ಲ.

ವಿಟಮಿನ್ ಸಿ ಬಗ್ಗೆ ಗೆಳೆಯ ಪೂರ್ತಿ ತಪ್ಪಲ್ಲ. ಸಾಮಾನ್ಯ ಜನರಲ್ಲಿ ದಿನಾ ತಗೊಂಡರೆ ನೆಗಡಿ ತಪ್ಪುವುದಿಲ್ಲ, ಆದರೆ ಮ್ಯಾರಥಾನ್ ಓಟಗಾರರು, ಸ್ಕೀಯಿಂಗ್ ಮಾಡುವವರು, ಚಳಿ ಪ್ರದೇಶದ ಸೈನಿಕರ ಮೇಲೆ ನಡೆದ ಐದು ಪ್ರಯೋಗ ಕೂಡಿಸಿ ನೋಡಿದಾಗ ನೆಗಡಿ ಅರ್ಧದಷ್ಟು ಕಡಿಮೆಯಾಗಿತ್ತು. ಅಷ್ಟಕ್ಕೆ ತಿಂಗಳುಗಟ್ಟಲೆ 1000ದ ಮಾತ್ರೆ ಬೇಡ, ಜಾಸ್ತಿ ಡೋಸು ತರಬೇತಿಯ ಲಾಭವನ್ನೇ ಸ್ವಲ್ಪ ತಿನ್ನಬಹುದು ಅನ್ನುವ ಅನುಮಾನ ಇದೆ. 100 ಗ್ರಾಂ ಪೇರಲ ಹಣ್ಣಿನಲ್ಲೇ 200 ಮಿ.ಗ್ರಾಂ. ಮೇಲೆ ಇದೆ. ಬಂಡಿ ಮೇಲೆ ಸಿಗುತ್ತಲ್ಲ, ಉಪ್ಪು ಖಾರ ಹಚ್ಚಿಸಿಕೊಂಡು ತಿನ್ನಿ.

ಹುಮನಾಬಾದ್ ಹುಡುಗಿ:

ಇದನ್ನು ಓದುವ ಅಕ್ಕ ತಂಗಿಯರಿಗೆ ಒಂದು ಮಾತು. ಓಟ ಜಾಸ್ತಿ ಮಾಡಿ ಊಟ ಕಡಿಮೆ ಮಾಡಿದಾಗ ಮುಟ್ಟು ನಿಂತರೆ "ಒಳ್ಳೆದೇ ಆಯ್ತು, ಕಿರಿಕಿರಿ ಇಲ್ಲ" ಅಂತ ಸುಮ್ನೆ ಇರಬೇಡಿ. ಮೈ ಸಾಕಷ್ಟು ಶಕ್ತಿ ಸಿಗದೆ ಒಂದೊಂದೇ ಕೆಲಸ ನಿಲ್ಲಿಸುತ್ತಾ ಬರುತ್ತದೆ, ಮೂಳೆಯೂ ಸವೆಯುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ರೆಡ್-ಎಸ್ ಅಂತ ಹೆಸರಿಟ್ಟಿತು, ಗಂಡಸರಿಗೂ ಬರುತ್ತದೆ ಅಂತ ಆಗಲೇ ಹೇಳಿತ್ತು. ಮೂರು ತಿಂಗಳು ಮುಟ್ಟಾಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಉಳಿದದ್ದು ತಿನ್ನುವ ಪದ್ಧತಿ ಇದ್ದರೆ ಉದ್ದ ಓಟದ ದಿನವಾದರೂ ಮೊದಲ ರೊಟ್ಟಿ ನಿಮ್ಮ ತಾಟಿಗೆ ಹಾಕಿಕೊಳ್ಳಿ, ಯಾರೇನಾದರೂ ಅನ್ನಲಿ.

ಅಪ್ಪನಕೆರೆ ರನ್ನರ್, ಕಲಬುರಗಿ:

ಎಲ್ಲರಿಗೂ ಧನ್ಯವಾದ ರೀ. ನೆಗಡಿ ಪೂರ್ತಿ ಹೋದ ಮೇಲೆ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 13.4, ಫೆರಿಟಿನ್ 14, ಬಿ12 ಕೂಡ ಕಡಿಮೆ. ಡಾಕ್ಟರ್ ಮಾತ್ರೆ ಬರೆದಿದ್ದಾರೆ. ಕಬ್ಬಿಣದ ಮಾತ್ರೆ ಯಾವಾಗ ತಗೊಂಡರೆ ಒಳ್ಳೆಯದು? ಈ ಭಾನುವಾರ 32 ಕಿ.ಮೀ. ಇದೆ, ಓಡಲೋ ಬೇಡವೋ?

ಡಯಟ್ ಅಕ್ಕ, ಕಲಬುರಗಿ:

ಬೆಳಿಗ್ಗೆ, ಓಟದ ಮುಂಚೆ ಅಥವಾ ಮುಗಿದ ಅರ್ಧ ತಾಸಿನೊಳಗೆ, ನಿಂಬೆ ನೀರಿನ ಜೊತೆ. ಓಡಿ ಮೂರರಿಂದ ಆರು ತಾಸಿನ ನಡುವೆ ಮೈಯಲ್ಲಿ ಹೆಪ್ಸಿಡಿನ್ ಅನ್ನುವ ಹಾರ್ಮೋನ್ ಏರಿ ಕಬ್ಬಿಣ ಒಳಗೆ ಬಿಡುವುದಿಲ್ಲ, ಆ ಹೊತ್ತು ಬೇಡ. ಡೋಸು ಡಾಕ್ಟರ್ ಹೇಳಿದಷ್ಟೇ. ಕೆಮ್ಮು ಎರಡು ವಾರ ದಾಟಿದರೆ ಟಿ.ಬಿ. ಪರೀಕ್ಷೆ ತಪ್ಪಿಸಬೇಡಿ.

ಕೋಟೆ ಸುತ್ತಿನವ, ಬೀದರ್:

32 ಬಿಡು ತಮ್ಮಾ. 16 ನಿಧಾನ ಓಡು, ಅದರಲ್ಲೇ ಖರ್ಜೂರ ತಿಂದು ಹೊಟ್ಟೆ ಒಪ್ಪುತ್ತದಾ ನೋಡು. ಜ್ವರ, ಮೈಕೈ ನೋವು, ಎದೆ ಬಿಗಿತ ಇದ್ದರೆ ಅದೂ ಬೇಡ, ಜ್ವರದಲ್ಲಿ ಓಡಿದರೆ ಹೃದಯದ ಸ್ನಾಯುಗೆ ಪೆಟ್ಟಾಗಬಹುದು. ಎಳ್ಳ ಅಮಾವಾಸ್ಯೆ ಹತ್ತಿರ ಬಂತು, ಯಾರದಾದರೂ ಹೊಲಕ್ಕೆ ಹೋಗಿ ಸಜ್ಜಿ ರೊಟ್ಟಿ, ಭಜ್ಜಿ, ಕಡುಬು ಹೊಟ್ಟೆ ತುಂಬ ಹೊಡಿ. ಹಸಿ ತೊಗರಿ, ಅವರೆ, ಕಡ್ಲಿ, ಎಲ್ಲ ಸೊಪ್ಪು ಸೇರಿದ ಭಜ್ಜಿ. ಹೊಲ ಇಲ್ಲದಿದ್ದರೆ ಬೀದರ್‌ಗೆ ಬಾ.