ಟಿವಿಯಲ್ಲಿ ಕೊಲೆ ಸುದ್ದಿ ನೋಡಿದಾಗಿನಿಂದ ಮಗಳದ್ದೇ ಚಿಂತೆ, ಏನು ಮಾಡಲಿ?

ಪ್ರಶ್ನೆ: ಮೇಡಂ, ನಾವು ಹಾಸನದವರು. ಮಗಳು ಬೆಂಗಳೂರಲ್ಲಿ ಪಿಜಿಯಲ್ಲಿದ್ದಾಳೆ. ಕೆಲಸ ಮುಗಿಸಿ ರೂಮಿಗೆ ಬರುವಾಗ ರಾತ್ರಿ ಒಂಬತ್ತೂವರೆ ಆಗುತ್ತದೆ. ಹೋದ ತಿಂಗಳು ಟಿವಿಯಲ್ಲಿ ಒಬ್ಬ ಹುಡುಗಿಯ ಕೊಲೆ ಸುದ್ದಿ ಬಂತು, ಮೂರು ದಿನ ಅದೇ. ಅವತ್ತಿನಿಂದ ನನಗೆ ನಿದ್ದೆ ಇಲ್ಲ. ಮೊನ್ನೆ ಅವಳಿಗೆ ಹನ್ನೊಂದು ಸಲ ಫೋನ್ ಮಾಡಿದೆ. ಮೀಟಿಂಗಿನಲ್ಲಿದ್ದಳಂತೆ, ರೇಗಿದಳು. ಕೆಲಸ ಬಿಡಿಸಿ ಕರೆದುಕೊಂಡು ಬಂದುಬಿಡೋಣ ಅನಿಸುತ್ತಿದೆ.

ಉತ್ತರ (ಆಪ್ತ ಸಮಾಲೋಚಕಿ): ಅಕ್ಕಾ, ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. 2013ರ ನವೆಂಬರ್ ನೆನಪಿದೆಯಾ? ಬೆಂಗಳೂರಿನ ಕಾರ್ಪೊರೇಷನ್ ಸರ್ಕಲ್ ಹತ್ತಿರದ ಎಟಿಎಂನಲ್ಲಿ ಬೆಳಗ್ಗೆ ಒಬ್ಬ ಮಹಿಳೆಯ ಮೇಲೆ ಮಚ್ಚಿನಿಂದ ಹಲ್ಲೆ ಆಯಿತು. ಹಲ್ಲೆ ಮಾಡಿದವನು ಒಳಗೆ ಬಂದು ಶಟರ್ ಎಳೆಯುವ ದೃಶ್ಯವನ್ನು ಚಾನೆಲ್‌ಗಳು ಮತ್ತೆ ಮತ್ತೆ ತೋರಿಸಿದವು. ಆಮೇಲೆ ಎಷ್ಟೋ ತಿಂಗಳು ನಾನು ಎಟಿಎಂಗೆ ಹೋದರೆ ಮೊದಲು ಶಟರ್ ನೋಡುತ್ತಿದ್ದೆ. ಪಿನ್ ಒತ್ತುವಾಗಲೂ ಕಿವಿ ಬಾಗಿಲ ಕಡೆಗೇ. ನಡೆದದ್ದು ಒಂದು ಸಲ, ನಾನು ನೋಡಿದ್ದು ನೂರು ಸಲ. ಮನಸ್ಸು ಆ ನೂರನ್ನೇ ಲೆಕ್ಕಕ್ಕೆ ಹಿಡಿಯಿತು. ಆ ಹಲ್ಲೆಕೋರ 2017ರಲ್ಲಿ ಆಂಧ್ರದ ಮದನಪಲ್ಲಿಯಲ್ಲಿ ಸಿಕ್ಕಿಬಿದ್ದ. ಅದು ಎಷ್ಟು ಜನಕ್ಕೆ ನೆನಪಿದೆ ಹೇಳಿ?

ಆ 2013ರಲ್ಲೇ ಅಮೆರಿಕದ ಬೋಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿದಿತ್ತು. ಆಮೇಲಿನ ವಾರ ದಿನಕ್ಕೆ ಆರು ಗಂಟೆ, ಅದಕ್ಕೂ ಜಾಸ್ತಿ ಆ ಸುದ್ದಿ ನೋಡಿದವರಲ್ಲಿ, ಸ್ಥಳದಲ್ಲೇ ಇದ್ದವರಿಗಿಂತ ಹೆಚ್ಚು ಒತ್ತಡ ಕಂಡುಬಂತು ಎಂದು ಸಂಶೋಧಕರು ಬರೆದಿದ್ದಾರೆ. ನಿಮ್ಮ ಮೂರು ದಿನ ನೆನಪಿಸಿಕೊಳ್ಳಿ.

ಇನ್ನೊಂದು ಮಾತು. 2022ರಲ್ಲಿ ದೇಶದಲ್ಲಿ 28,522 ಕೊಲೆ ಪ್ರಕರಣ ದಾಖಲಾದವು. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಯಾವುದೋ ಜಗಳ, ವ್ಯಾಜ್ಯದಿಂದ ಆದವು. ಅದೇ ವರ್ಷ ರಸ್ತೆ ಅಪಘಾತಕ್ಕೆ ಹೋದ ಜೀವ 1,68,491. ಮಗಳು ಸ್ಕೂಟರ್ ಓಡಿಸುತ್ತಾಳಾ? ಹೆಲ್ಮೆಟ್ ಪಟ್ಟಿ ಸರಿಯಾಗಿ ಹಾಕುತ್ತಾಳಾ ಅಂತ ಯಾವತ್ತಾದರೂ ಕೇಳಿದ್ದೀರಾ?

ಕೆಲಸ ಬಿಡಿಸಬೇಡಿ. ರೂಮಿಗೆ ತಲುಪಿದ ಮೇಲೆ ಒಂದು ಮೆಸೇಜ್ ಹಾಕು ಅಂತ ಇಬ್ಬರೂ ಒಪ್ಪಿಕೊಳ್ಳಿ. ಅದು ಬರುವವರೆಗೆ ಟಿವಿ ಬೇಡ.

ಪ್ರಶ್ನೆ: ಟಿವಿ ನಮ್ಮ ಮಾವನವರದ್ದು ಮೇಡಂ. ಬೆಳಗ್ಗೆ ಹಾಕಿದರೆ ಮಲಗುವವರೆಗೂ ನ್ಯೂಸೇ. ಬೇಡ ಅನ್ನೋಕಾಗಲ್ಲ.

ಉತ್ತರ: ಅವರು ನೋಡಲಿ, ನೀವು ಹಾಲ್‌ನಲ್ಲಿ ಕೂರಬೇಡಿ. ಮಾರನೇ ದಿನ ಪೇಪರಿನಲ್ಲಿ ಓದಿ. ಪೇಪರಿನಲ್ಲಿ ಒಂದು ಸಲ ಓದಿದರೆ ಮುಗಿಯಿತು, ಕಿರುಚಾಟ ಇಲ್ಲ. ಇನ್ನೂ ಎರಡು ವಾರ ನಿದ್ದೆ ಬರದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಗುಂಪಿನ ಸದಸ್ಯೆ: ಆಂಟಿ, ನಾನೂ ಪಿಜಿಯಲ್ಲಿರೋಳು, ನಮ್ಮಮ್ಮನೂ ನಿಮ್ಮ ಹಾಗೇ. ಒಂದು ದಿನ ಬಸ್ ಸ್ಟಾಪಿನಿಂದ ಒಬ್ಬ ನಿಜವಾಗಿಯೂ ಹಿಂದೆ ಬಂದ. ಮೆಡಿಕಲ್ ಶಾಪಿಗೆ ನುಗ್ಗಿ ನಿಂತೆ. ಅಂಗಡಿಯವರೇ ಪಿಜಿವರೆಗೂ ಬಂದು ಬಿಟ್ಟರು. ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. ಹೇಳಿದರೆ ಮಾರನೇ ದಿನವೇ ಊರಿಗೆ ಕರೆಸಿಕೊಳ್ಳುತ್ತಾರೆ.

ಉತ್ತರ: ಅಕ್ಕಾ, ಇದನ್ನು ಇನ್ನೊಂದು ಸಲ ಓದಿ. ಇವತ್ತು ರಾತ್ರಿ ಮಗಳು ಮಾತಾಡುವಾಗ ಮೊದಲೇ ಹೇಳಿಬಿಡಿ, "ಏನಾದರೂ ಆದರೆ 112ಕ್ಕೆ ಫೋನ್ ಮಾಡು, ಆಮೇಲೆ ನನಗೆ ಹೇಳು, ಕೆಲಸ ಬಿಡು ಅನ್ನಲ್ಲ" ಅಂತ.