‘ಗೌರವ ಕ್ಯಾಪ್ಟನ್’: ಎರಡಕ್ಕೂ ಒಂದೇ ಪದ ಸಾಕಾ?

ಗೆಳೆಯರೇ, ತುಮಕೂರಿನಿಂದ ಬರೆಯುತ್ತಿದ್ದೇನೆ. ‘ಗೌರವ’ ಅನ್ನೋ ಪದದ ಬಗ್ಗೆ ನಿಮ್ಮ ಸಹಾಯ ಬೇಕು, ಸ್ವಲ್ಪ ಬೇಗ.

ನಮ್ಮ ಬೀದಿಯಲ್ಲಿ ಸೇನೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಸಿಪಾಯಿಯಾಗಿ ಸೇರಿ, ಸುಬೇದಾರ್ ಆಗಿ, ಕೊನೆಗೆ ಆನರರಿ ಕ್ಯಾಪ್ಟನ್ ಆದವರು. ಬೀದಿಗೆಲ್ಲ ಅವರು ‘ಮಿಲಿಟರಿ ತಾತ’. ಹೋದ ವಾರ ಗೇಟಿಗೆ ಹೊಸ ಬೋರ್ಡ್ ಬರೆಸಲು ಹೊರಟರು. ಕನ್ನಡದಲ್ಲೇ ಇರಲಿ ಅಂತ ನಾನೇ ‘ಗೌರವ ಕ್ಯಾಪ್ಟನ್ (ನಿವೃತ್ತ)’ ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ಪೇಂಟರ್ ಹುಡುಗ ‘ಗೌ’ ಬರೆದು, ಬ್ರಷ್ ಡಬ್ಬಿಯ ಅಂಚಿಗೆ ಒರೆಸುತ್ತಾ ಕೇಳಿದ: “ಮೋಹನ್‌ಲಾಲ್‌ಗೆ ಕೊಟ್ಟಿದ್ರಲ್ಲ, ಅಂಥದ್ದಾ ತಾತ?” ತಾತ ಏನೂ ಹೇಳಲಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದು ಒಳಗೆ ಹೋದರು.

ಹುಡುಗನ ತಪ್ಪೇನಿಲ್ಲ. ಮೋಹನ್‌ಲಾಲ್ ತೆರೆಯ ಮೇಲೆ ಮೇಜರ್ ಮಹಾದೇವನ್ ಆಗಿ ಮನೆಮಾತಾದವರು. 2009ರಲ್ಲಿ ಟೆರಿಟೋರಿಯಲ್ ಆರ್ಮಿ ಅವರನ್ನು ಗೌರವ ಲೆಫ್ಟಿನೆಂಟ್ ಕರ್ನಲ್ ಮಾಡಿತು. ಅದು ಜನ ಮೆಚ್ಚಿದ ಕಲಾವಿದನಿಗೆ ಸೇನೆ ಕೊಟ್ಟ ಮರ್ಯಾದೆ. ಆದರೆ ಬಾನಾ ಸಿಂಗ್ ಅವರನ್ನು ನೆನೆಸಿಕೊಳ್ಳಿ. 1987ರಲ್ಲಿ ಸಿಯಾಚಿನ್‌ನಲ್ಲಿ, ಸುಮಾರು 21,000 ಅಡಿ ಎತ್ತರದಲ್ಲಿ, ಹಿಮದ ಗೋಡೆ ಹತ್ತಿ ಶತ್ರುವಿನ ಠಾಣೆ ಹಿಡಿದರು. ಪರಮವೀರ ಚಕ್ರ ಬಂತು. ಆ ಠಾಣೆಗೆ ಅವರದೇ ಹೆಸರಿಟ್ಟರು. ಅವರು ನಿವೃತ್ತರಾದದ್ದೂ ‘ಗೌರವ ಕ್ಯಾಪ್ಟನ್’ ಆಗಿಯೇ! ಸಿಪಾಯಿಯಿಂದ ಮೇಲೆ ಬಂದ ಜೆಸಿಓಗಳಲ್ಲಿ (ಸುಬೇದಾರ್‌ನಂಥ ಕಿರಿಯ ಅಧಿಕಾರಿಗಳಲ್ಲಿ) ಕೆಲವರಿಗೆ ಮಾತ್ರ, ದಶಕಗಳ ದುಡಿಮೆಯ ಕೊನೆಗೆ ಸಿಗುವ ರ‍್ಯಾಂಕ್ ಅದು.

ಇಂಗ್ಲಿಷಿನಲ್ಲೂ ಎರಡಕ್ಕೂ ಒಂದೇ ಪದ, ನಿಜ. ಕನ್ನಡದ ಕಿವಿಗೆ ಮಾತ್ರ ಇದು ಜಾಸ್ತಿ ಕುಟುಕುತ್ತದೆ ಅನ್ನಿಸುತ್ತದೆ. ಗೌರವ ಡಾಕ್ಟರೇಟ್ ಅಂದರೆ ಪರೀಕ್ಷೆ ಬರೆದು ಪಡೆದದ್ದಲ್ಲ. ಗೌರವ ಕಾರ್ಯದರ್ಶಿ ಅಂದರೆ ಸಂಬಳ ಇಲ್ಲದವರು. ಗೌರವಧನ ಅಂದರೆ ಸಂಬಳ ಅಂತ ಕರೆಯಲಾಗದ ದುಡ್ಡು. ಇಷ್ಟೆಲ್ಲ ಕೇಳಿ ಕೇಳಿ, ಪದದ ಹಿಂದೆ ‘ಗೌರವ’ ಬಂದ ಕೂಡಲೇ ‘ಸುಮ್ನೆ ಕೊಟ್ಟಿದ್ದು’ ಅಂತಲೇ ಕೇಳಿಸುತ್ತದೆ, ಅಲ್ವಾ?

‘ಗೌರವಾನ್ವಿತ’ ಹಾಕಿದರೆ ಶಾಸಕರನ್ನು ವೇದಿಕೆಗೆ ಕರೆದ ಹಾಗಾಗುತ್ತದೆ. ‘ಸೇವಾಗೌರವ’ ಬಾಯಿಗೆ ಭಾರ. ನನಗೆ ಹೊಳೆದದ್ದು ನಮ್ಮ ಹಳೇ ‘ದಂಡು’. ಮಧುಗಿರಿಯ ದಂಡಿನ ಮಾರಮ್ಮನಲ್ಲಿ, ಬೆಂಗಳೂರು ದಂಡು ಸ್ಟೇಷನ್ನಿನಲ್ಲಿ ಅದು ಇನ್ನೂ ಬದುಕಿದೆ. ‘ದಂಡಿನ ಕ್ಯಾಪ್ಟನ್’ ಅಂದರೆ ದಂಡಿನಲ್ಲೇ ಇದ್ದು ದುಡಿದವರು ಅನ್ನೋದು ತಾನಾಗಿ ಬರುತ್ತದೆ. ‘ದಂಡ’ ಅಂದರೆ ವ್ಯರ್ಥ ಅನ್ನೋ ಅರ್ಥ ಅಡ್ಡ ಬಂದೀತಾ ಅನ್ನೋದೊಂದೇ ಅಳುಕು.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇಂಥವರನ್ನು ಏನಂತ ಕರೆಯುತ್ತೀರಿ? ಸೇನೆಯಲ್ಲಿದ್ದವರ ಮನೆಗಳಲ್ಲಿ ಬಳಸುವ ಮಾತು ಇದ್ದರೆ ದಯವಿಟ್ಟು ತಿಳಿಸಿ. ಬೋರ್ಡಿನಲ್ಲಿ ಈಗಲೂ ‘ಗೌ’ ಅಷ್ಟೇ ಇದೆ. ಪೇಂಟರ್ ಭಾನುವಾರ ಬರುತ್ತಾನೆ.