ಕೆಡವಿದ ಕಟ್ಟಡದ ಇಟ್ಟಿಗೆ, ಕಾಂಕ್ರೀಟಿನಲ್ಲಿ ಪಾರ್ಕ್ ಮಾಡಬಹುದಾ?

ಹಸಿರುಬೇಲಿ:
ಹಳೇ ಕಟ್ಟಡ ಕೆಡವಿದ ಜಾಗದಲ್ಲೇ ಸಾರ್ವಜನಿಕ ಪಾರ್ಕ್ ಮಾಡಬೇಕು, ಅಲ್ಲಿನ ಇಟ್ಟಿಗೆ, ಕಾಂಕ್ರೀಟ್, ಮರ ಯಾವುದನ್ನೂ ಹೊರಗೆ ಸಾಗಿಸದೆ ಅಲ್ಲೇ ಬಳಸಬೇಕು ಅಂತ ನಮ್ಮ ಗುಂಪಿನಲ್ಲಿ ಮಾತು ನಡೆದಿದೆ. ಯಾವುದನ್ನು ಎಲ್ಲಿ ಹಾಕಬಹುದು, ಯಾವುದನ್ನು ಮುಟ್ಟಲೇಬಾರದು? ಮೇಲಾಗಿ ಅದು ಮಕ್ಕಳು ಆಡುವ ಜಾಗ.

ಗಾರೆಕೈ:
ಖಂಡಿತ ಮಾಡಬಹುದು. ಆದರೆ ಕೆಡವುವಾಗಲೇ ಬೇರೆ ಬೇರೆ ರಾಶಿ ಹಾಕಿಸಿ, ಎಲ್ಲ ಕಲಸಿಹೋದ ಮೇಲೆ ಆರಿಸುವುದು ಆಗದ ಕೆಲಸ. ಕಾಂಕ್ರೀಟಿನಿಂದ ಕಂಬಿ ಬಿಡಿಸಿ, ಪುಡಿ ಮಾಡಿಸಿ, ಕಾಲುದಾರಿಯ ತಳಕ್ಕೆ ಜಲ್ಲಿ ಬದಲು ಸುರಿದು ದಮ್ಮಸು ಹೊಡೆಸಿ. ದಪ್ಪ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿದರೆ ಗಿಡ್ಡ ತಡೆಗೋಡೆ ಆಗುತ್ತದೆ, ಅದರ ಮೇಲೆ ಕೂರಲೂಬಹುದು. ಇಟ್ಟಿಗೆಯನ್ನು ಸುಣ್ಣದ ಗಾರೆಯಲ್ಲಿ ಕಟ್ಟಿದ್ದರೆ ಸುಲಭವಾಗಿ ಬಿಡಿಸಬಹುದು. ಸಿಮೆಂಟಿನಲ್ಲಿ ಕಟ್ಟಿದ್ದರೆ ಗಾರೆಗಿಂತ ಮೊದಲು ಇಟ್ಟಿಗೆಯೇ ಒಡೆಯುತ್ತದೆ, ಒದ್ದಾಡಬೇಡಿ, ಸುಮ್ನೆ ಅದನ್ನೂ ಚೂರು ಮಾಡಿ ತಳಕ್ಕೆ ಹಾಕಿ. ಒಳಗೋಡೆಯ ಮೆತ್ತನೆ ಇಟ್ಟಿಗೆ ನೆಲಕ್ಕೆ ಹಾಸಬೇಡಿ, ನೀರು ಕುಡಿದು ಉದುರುತ್ತದೆ.

ಬೇರುಬಿಳಲು:
ಗಿಡಗಳ ಕಡೆಯಿಂದ ನಾನು ಹೇಳುತ್ತೇನೆ. ಕಾಂಕ್ರೀಟ್ ಪುಡಿ ಬೆರೆತರೆ ಮಣ್ಣು ಕ್ಷಾರ ಆಗುತ್ತದೆ. ಆಗ ಮಣ್ಣಲ್ಲಿ ಕಬ್ಬಿಣದ ಅಂಶ ಇದ್ದರೂ ಬಹಳ ಗಿಡಗಳ ಬೇರಿಗೆ ಅದು ಸಿಗುವುದಿಲ್ಲ, ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಗೊಬ್ಬರ ಜಾಸ್ತಿ ಹಾಕಿದ ಮಾತ್ರಕ್ಕೆ ಸರಿಹೋಗಲ್ಲ. ದೊಡ್ಡ ಮರ ನೆಡುವ ಕಡೆ ಒಳ್ಳೆಯ ಮಣ್ಣು ಆಳವಾಗಿ ತುಂಬಿಸಿ. ಉಳಿದ ಕಡೆ ಸತ್ವವಿಲ್ಲದ ಸುಣ್ಣದ ನೆಲವನ್ನೇ ಇಷ್ಟಪಡುವ ಕಾಡುಹೂಗಳಿವೆ, ಅವನ್ನು ಬೆಳೆಯಲು ಬಿಡಿ.

ಲಂಡನ್ನಿನ ನಾರ್ಥಾಲಾ ಫೀಲ್ಡ್ಸ್ ಪಾರ್ಕ್ ಗೊತ್ತಾ? ಹಳೇ ವೆಂಬ್ಲಿ ಸ್ಟೇಡಿಯಂ ಮತ್ತೆ ಬೇರೆ ಕಟ್ಟಡಗಳ ಅವಶೇಷ ಪೇರಿಸಿ ನಾಲ್ಕು ದಿಬ್ಬ ಮಾಡಿದ್ದಾರೆ, 2008ರಲ್ಲಿ ತೆರೆದರು. ಪಕ್ಕದ ಹೆದ್ದಾರಿಯ ಸದ್ದಿಗೂ ಅವು ಅಡ್ಡ. ಅವಶೇಷ ಸುರಿಯಲು ಗುತ್ತಿಗೆದಾರರು ಕೊಟ್ಟ ಹಣದಲ್ಲೇ ಪಾರ್ಕಿನ ಖರ್ಚು ನಡೆಯಿತು. ನನಗೆ ದಿಬ್ಬಕ್ಕಿಂತ ಈ ಲೆಕ್ಕವೇ ಹೆಚ್ಚು ಇಷ್ಟ.

ಹಸಿರುಬೇಲಿ:
ಹಣದ ವಿಷಯ ನಮಗೆ ಹೊಳೆದೇ ಇರಲಿಲ್ಲ! ಮರದ ಕಥೆ ಏನು? ರೈಲು ಹಳಿಯ ಕೆಳಗೆ ಹಾಕುವ ಮರದ ದಿಮ್ಮಿಗಳು, ಹಳೇ ಸ್ಲೀಪರ್‌ಗಳೂ ಸಿಗುತ್ತವೆ, ಬೆಂಚು ಮಾಡಬಹುದಲ್ವಾ?

ಗಾರೆಕೈ:
ಸ್ಲೀಪರ್ ಬೇಡವೇ ಬೇಡ. ಮರ ಕೆಡದಿರಲಿ ಅಂತ ಅದಕ್ಕೆ ಉಣಿಸಿದ ಕ್ರಿಯೋಸೋಟ್ ಎಂಬ ಟಾರಿನ ಎಣ್ಣೆ ಬಿಸಿಲಿಗೆ ಒಸರಿ ಬಟ್ಟೆಗೆ, ಚರ್ಮಕ್ಕೆ ಅಂಟುತ್ತದೆ, ಕ್ಯಾನ್ಸರ್ ತರುವ ವಸ್ತು ಅದು. ಬಣ್ಣ ಹಚ್ಚಿದ ಹಳೇ ಬಾಗಿಲು, ಕಿಟಕಿಗಳಲ್ಲಿ ಸೀಸ ಇರಬಹುದು, ಪರೀಕ್ಷೆ ಮಾಡಿಸದೆ ಉಜ್ಜಬೇಡಿ. ಬಣ್ಣವನ್ನೇ ಹಚ್ಚದ ತೊಲೆ ಸಿಕ್ಕರೆ ಬೆಂಚಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಕಲ್ನಾರಿನ (ಆಸ್ಬೆಸ್ಟಾಸ್) ಶೀಟ್ ಕಂಡರೆ ಒಡೆಯಬೇಡಿ, ಕೆಲಸ ನಿಲ್ಲಿಸಿ, ಅದನ್ನು ತೆಗೆಯಲು ಗೊತ್ತಿರುವವರನ್ನೇ ಕರೆಸಿ.